ಕಾನಮ್ಮನ ಕಾಡಿಗೆ ಬಂದ ಕಪ್ಪು ಹಣ್ಣು

ಬಹಳ ಬಹಳ ಹಿಂದೆ, ಮಿಗಗಳೂ ಹಕ್ಕಿಗಳೂ ಮನುಷ್ಯರ ಕೂಡ ಮಾತಾಡುತ್ತಿದ್ದ ಕಾಲದಲ್ಲಿ, ಕವಳಿನಾಡು ಎಂಬ ಒಂದು ರಾಜ್ಯವಿತ್ತು. ಅದನ್ನು ಬಲ್ಲವರಸನೆಂಬ ದೊರೆ ಆಳುತ್ತಿದ್ದ. ಆದರೆ ಆ ನಾಡಿನವರನ್ನು ಕೇಳಿದರೆ, "ದೊರೆ ಅರಮನೆಯನ್ನು ಆಳುತ್ತಾನೆ, ನಾಡನ್ನು ಆಳುವವಳು ಕಾನಮ್ಮ" ಎನ್ನುತ್ತಿದ್ದರು. ಕಾನಮ್ಮ ಎಂದರೆ ಕಾಡಿನ ತಾಯಿ. ಅವಳ ಕಾಡಿನಲ್ಲಿ ಕವಳಿ, ಕಾರೆ, ನೆಲ್ಲಿ, ಬೋರೆ, ನೇರಳೆ ಎಲ್ಲ ಹಣ್ಣೂ ಇದ್ದವು. ಮರದಡಿ ಒಂದು ಕಾಳು ಬಿದ್ದರೆ ಬಿದ್ದ ಗಳಿಗೆಯಲ್ಲೇ ಮೊಳಕೆ ಒಡೆಯುತ್ತಿತ್ತು. ತಾಯಿಯ ಕರುಣೆ ಅಷ್ಟು.

ಆ ಕಾಡಿನಂಚಿನಲ್ಲಿ ಬೆಳ್ಳವ್ವ ಎಂಬ ಹೆಣ್ಣುಮಗಳು ಇದ್ದಳು. ಕಾಡುಹಣ್ಣು ಕೊಯ್ದು ಊರೂರಿಗೆ ಕೊಟ್ಟು ಬರುವುದು ಅವಳ ಕಾಯಕ. ಅವಳ ಗಂಡ ಹಾಲಯ್ಯ. ಮದುವೆಯಾಗಿ ಎರಡು ವರ್ಷಕ್ಕೆ ಅವನು ಉಪ್ಪು ತರಲು ಪಡುವಣ ಕಡಲಿಗೆ ಹೊರಟ. ಅವನೊಬ್ಬನೇ ಅಲ್ಲ, ಮನೆಗೊಬ್ಬರಂತೆ ಊರಿನ ಮಂದಿಯೆಲ್ಲ ಎತ್ತು ಹೊಡೆದುಕೊಂಡು ಹೊರಟಿದ್ದರು. ಬರುವಾಗ ದೊರೆಯ ಮಗಳು ಹೊನ್ನಲದೇವಿಯೂ ಗೌರಿಹಬ್ಬಕ್ಕೆ ತವರಿಗೆ ಬರಲೆಂದು ಗಂಡನ ಮನೆಯಿಂದ ಅವರ ಜೊತೆ ಕೂಡಿಕೊಂಡಿದ್ದಳು. ಮಂಜಿನ ಕಣಿವೆಯವರೆಗೆ ಅವರನ್ನು ನೋಡಿದವರಿದ್ದರು. ಕಣಿವೆ ದಾಟಿ ಈಚೆ ಬಂದದ್ದನ್ನು ನೋಡಿದವರಿಲ್ಲ.

ಹಬ್ಬ ಬಂತು, ಹೋಯಿತು. ಮತ್ತೊಂದು ಹಬ್ಬವೂ ಹೋಯಿತು. ಹುಡುಕಲು ಹೋದ ದಂಡು ಬರಿಗೈಯಲ್ಲಿ ಬಂತು. ಬೆಳ್ಳವ್ವ ದಿನಾ ಅಡುಗೆ ಮಾಡಿ ಎರಡು ತಟ್ಟೆ ಇಡುತ್ತಿದ್ದಳು. ಸ್ವಲ್ಪ ದಿನ ಬಿಟ್ಟು ಒಂದು ತಟ್ಟೆ ತೆಗೆದಿಟ್ಟಳು. ಮತ್ತೆ ಸ್ವಲ್ಪ ದಿನಕ್ಕೆ ಮನಸ್ಸು ತಡೆಯದೆ ಎರಡನ್ನೂ ಇಟ್ಟಳು.

ಅಂಥ ದಿನಗಳಲ್ಲಿ, ಒಂದು ಬೆಳಗ್ಗೆ, ಕಾನಮ್ಮನ ಗುಡಿಯ ಹೊಸ್ತಿಲಲ್ಲಿ ಒಂದು ಬುಟ್ಟಿ ಹಣ್ಣು ಇತ್ತು. ಕರಿಮಣಿಯಂತೆ ಕಪ್ಪು, ಮೇಲೆ ನೀಲಿಯ ಹೊಳಪು, ಗೊಂಚಲು ಗೊಂಚಲು. ಯಾರು ಇಟ್ಟರೋ ಯಾರೂ ಕಂಡಿರಲಿಲ್ಲ. ಪೂಜಾರಿ ಕಲ್ಲೇಶಯ್ಯ, 'ಯಾರದೋ ಹರಕೆ ಇರಬೇಕು' ಎಂದುಕೊಂಡು ಅದನ್ನು ತಾಯಿಗೆ ನೈವೇದ್ಯ ಮಾಡಿ, ಬಂದವರಿಗೆಲ್ಲ ಹಂಚಿಬಿಟ್ಟ.

ಆ ಹಣ್ಣು ತಿಂದವರಿಗೆ ಒಂದು ದನಿ ಕೇಳಿತು. ಮನೆಗೆ ಬಾರದೆ ಹೋದ ತಮ್ಮವರ ದನಿ, ಬಾಗಿಲಾಚೆಯಿಂದ, ಹತ್ತಿರದಿಂದ, "ಇಗೋ, ಬಂದೆ" ಎಂದಿತು.

ಬೆಳ್ಳವ್ವ ಎದ್ದು ಓಡಿ ಬಾಗಿಲು ತೆಗೆದಳು. ಅಂಗಳ ಬರಿದಾಗಿತ್ತು. ಇನ್ನೊಂದು ಹಣ್ಣು ತಿಂದಳು. "ಇಗೋ, ಬಂದೆ" ಎಂದ ಹಾಲಯ್ಯ. ಓಡಿ ಬರುವವರ ಏದುಸಿರು ಕೂಡ ಆ ದನಿಯಲ್ಲಿತ್ತು.

ಪ್ರಸಾದದ ಬೀಜವನ್ನು ಕವಳಿನಾಡಿನವರು ಕಾಲು ತುಳಿಯುವ ಕಡೆ ಉಗುಳುವುದಿಲ್ಲ. ಅದು ಅವರ ಪದ್ಧತಿ. ಬಾಯಿಂದ ತೆಗೆದು, ತೊಳೆದು, ತುಳಸಿಕಟ್ಟೆಯ ಪಕ್ಕದ ಮಣ್ಣಿನಲ್ಲಿ ಹೂತು, ಮೇಲೊಂದು ಚೊಂಬು ನೀರು ಹಾಕಿ ಕೈಮುಗಿಯುತ್ತಾರೆ. ಈ ಹಣ್ಣಿನ ಬೀಜಕ್ಕೂ ಹಾಗೇ ಮಾಡಿದರು. ಮನೆಮನೆಯವರೂ ಮಾಡಿದರು, ಅರಮನೆಯ ಅಂಗಳದಲ್ಲಿ ದೊರೆಯೂ ತನ್ನ ಕೈಯಾರೆ ಮಾಡಿದ. ಒಂದೇ ತಿಂಗಳಿಗೆ ಗಿಡ ಎದೆಯೆತ್ತರ ಬೆಳೆಯಿತು. ಚೌಕದ ಕಾಂಡ, ಸಣ್ಣ ಮುಳ್ಳು, ಬೆಕ್ಕಿನ ನಾಲಿಗೆಯಂತೆ ಒರಟು ಎಲೆ. ಹೂವು ಬೆಳಗ್ಗೆ ಹಳದಿ, ಸಂಜೆಗೆ ಕೆಂಪು. ಎಲೆ ಹೊಸಕಿದರೆ ಹಿತವೂ ಅಲ್ಲದ ಕೆಟ್ಟದ್ದೂ ಅಲ್ಲದ ಒಂದು ವಾಸನೆ. ಜನ ಅದನ್ನು 'ಅಮ್ಮನ ಗಿಡ' ಎಂದು ಕರೆದರು. ಅದರ ಒಂದು ಕೊಂಬೆ ಮುರಿದವರಿಗೂ ಗಡಿಪಾರು ಎಂದು ದೊರೆ ಡಂಗುರ ಹೊಡೆಸಿದ.

ಜನ ಬೆಳಗ್ಗೆ ಎದ್ದು ಹಣ್ಣು ತಿಂದು ಬಾಗಿಲ ಬಳಿ ಕೂತರೆ ಸಂಜೆಯವರೆಗೂ ಕೂತೇ ಇರುತ್ತಿದ್ದರು. ಹೊಲ ಬೀಳು ಬಿತ್ತು. ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು; ಕಾಡಿನಲ್ಲೂ ಅದೇ ಗಿಡ ಹಬ್ಬಿತು. ಕಾರೆ ಒಣಗಿತು. ಕವಳಿ ಒಣಗಿತು. ಬೆಳ್ಳವ್ವನ ಬುಟ್ಟಿಗೆ ಒಂದು ಹಿಡಿ ನೆಲ್ಲಿಕಾಯಿ ಬೀಳುವುದೂ ಕಷ್ಟವಾಯಿತು.

ಇದನ್ನು ಮೊದಲು ಕಂಡವಳು ಅವಳೇ. ಒಂದು ದಿನ ಅವಳು ಒಂದು ಕೊಂಬೆಯನ್ನು ಮುರಿಯದೆ ಬಗ್ಗಿಸಿ, ಬಿದ್ದ ಒಂದು ಎಲೆಯನ್ನೂ ಒಂದು ಹೂವನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಗಿಡಮೂಲಿಕೆ ಬಲ್ಲ ನಾಗಜ್ಜಿಯ ಗುಡಿಸಲಿಗೆ ಹೋದಳು.

"ಅಜ್ಜೀ, ಇದು ಯಾವ ಗಿಡ?"

ನಾಗಜ್ಜಿ ಎಲೆಯನ್ನು ಕಣ್ಣ ಹತ್ತಿರ ಹಿಡಿದಳು, ಮೂಸಿದಳು, ಕೆಳಗಿಟ್ಟಳು. "ಊರೆಲ್ಲ ಅಮ್ಮನ ಗಿಡ ಅಂತಾರಲ್ಲ, ನಿನಗೆ ಸಾಲದೆ?"

"ಊರಿನವರಿಗೆ ಗೊತ್ತಿದ್ದಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ?"

"ಬುದ್ಧಿವಂತೆ" ಎಂದಳು ಅಜ್ಜಿ. "ಎರಡು ವರ್ಷ ಹಣ್ಣು ತಿಂದ ಮೇಲೆ ಬುದ್ಧಿ ಬಂತು."

ಬೆಳ್ಳವ್ವ ತಲೆ ತಗ್ಗಿಸಿದಳು. ಅಜ್ಜಿಯ ದನಿ ಸ್ವಲ್ಪ ಮೆತ್ತಗಾಯಿತು.

"ನೋಡು ಮಗಾ. ಗೊತ್ತಿಲ್ಲದ ಗಿಡ ಕಂಡರೆ ಮೂರು ಪ್ರಶ್ನೆ ಕೇಳಬೇಕು ಅನ್ನೋದು ನಮ್ಮ ಹಿರಿಯರ ಪದ್ಧತಿ. ನಿನ್ನ ಎಲೆ ತಿನ್ನೋರು ಯಾರು? ನಿನ್ನ ನೆರಳಲ್ಲಿ ಬೆಳೆಯೋರು ಯಾರು? ನಿನ್ನ ಬೇರು ಯಾರ ಕೈ ಹಿಡಿದಿದೆ? ಸೀಬೆ ಗಿಡ ನನ್ನ ಮುತ್ತಜ್ಜಿ ಕಾಲದಲ್ಲಿ ಎಲ್ಲಿಂದಲೋ ಬಂತು. ಮೂರಕ್ಕೂ ಉತ್ತರ ಕೊಡ್ತು, ಉಳ್ಕೊಂಡ್ತು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದಲ್ಲ. ಆದರೆ ಈ ಗಿಡವನ್ನ ಯಾರೂ ಕೇಳಲೇ ಇಲ್ಲ. ನೈವೇದ್ಯದ ಬುಟ್ಟಿಯಲ್ಲಿ ಬಂತಲ್ಲ, ಯಾರಿಗೆ ಕೇಳೋ ಧೈರ್ಯ?"

"ನೀನು ತಿಂದೆಯಾ ಅಜ್ಜಿ?"

"ನಾನ್ಯಾಕೆ ತಿನ್ನಲಿ" ಎಂದು ಅಜ್ಜಿ ಒಲೆಯ ಕಡೆ ತಿರುಗಿಕೊಂಡಳು. "ಕೇಳಿ ಬಾ ಹೋಗು. ಕಾನಮ್ಮ ಇದ್ದಾಳೆ."

ಹೀಗೆ ಬೆಳ್ಳವ್ವ ಮೂರು ಪ್ರಶ್ನೆ ಹೊತ್ತು ಕಾಡಿಗೆ ಹೋದಳು.

ಎಲೆಯ ವಿಷಯ ಕೇಳಬೇಕಾದವನು ಕಡವೆಗಳ ಒಡೆಯ. ಅವನು ಎಷ್ಟು ಮುದಿಯನೆಂದರೆ ಅವನ ಕೊಂಬಿನ ಮೇಲೆ ಪಾಚಿ ಕಟ್ಟಿತ್ತು, ಪಾಚಿಯಲ್ಲಿ ಸೀತಾಳೆ ಹೂ ಬಿಟ್ಟಿತ್ತು. ಬೆಳ್ಳವ್ವನನ್ನು ಕಂಡು ಅವನು ಮೂಗು ತಿರುಗಿಸಿದ.

"ನಿನ್ನ ಬಾಯಲ್ಲಿ ಆ ಹಣ್ಣಿನ ವಾಸನೆ ಇದೆ. ಆ ವಾಸನೆಯ ಕೂಡ ನಾನು ಮಾತಾಡುವುದಿಲ್ಲ. ಮೂರು ದಿನ ಅದನ್ನು ಬಿಟ್ಟು ಬಾ."

ಮೂರು ದಿನ ಏನು ಮಹಾ ಎಂದು ನಿಮಗೆ ಅನ್ನಿಸಬಹುದು. ಮೊದಲ ದಿನ ಬೆಳ್ಳವ್ವ ಮನೆ ಸಾರಿಸಿದಳು, ಸಾರಿಸಿದ ನೆಲವನ್ನೇ ಮತ್ತೆ ಸಾರಿಸಿದಳು. ಎರಡನೆಯ ದಿನ ಗಿಡದ ಹತ್ತಿರ ಹೋಗಿ ಗೊಂಚಲನ್ನು ಮುಟ್ಟಿ ಬಂದಳು. ಮೂರನೆಯ ದಿನ ಮನೆಯೊಳಗೆ ಎಂಥ ಮೌನವೆಂದರೆ, ಅವಳು ಕಿವಿ ಮುಚ್ಚಿಕೊಂಡು, "ತಾಯೀ ಕಾನಮ್ಮ, ಅವರ ದನಿ ಮರೆತುಹೋದರೆ ನಾನೇನು ಮಾಡಲಿ?" ಎಂದು ಅತ್ತಳು. ಆದರೂ ತಿನ್ನಲಿಲ್ಲ. ಭಕ್ತರ ಕಣ್ಣೀರು ತಾಯಿಗೆ ಎಣ್ಣೆಯ ದೀಪಕ್ಕಿಂತ ಹೆಚ್ಚು ಎಂದು ನಾನು ನಂಬಿದ್ದೇನೆ.

ನಾಲ್ಕನೆಯ ಬೆಳಗ್ಗೆ ಕಡವೆಯ ಒಡೆಯ ತಾನೇ ಹತ್ತಿರ ಬಂದ.

"ಹೇಳ್ತೀನಿ ಕೇಳು ತಾಯಿ. ಅದರ ಎಲೆಯನ್ನು ನಮ್ಮಲ್ಲಿ ಯಾರೂ ತಿನ್ನುವುದಿಲ್ಲ. ಹಸಿವು ತಡೆಯದೆ ಒಂದು ಮರಿ ತಿಂತು. ಬಿಸಿಲಿಗೆ ಅದರ ಚರ್ಮ ಸುಲಿದುಬಂತು, ಕಣ್ಣು ಬಾತುಹೋಯಿತು. ನಾವು ಹುಲ್ಲು ಹುಡುಕಿಕೊಂಡು ಈ ಕಾಡನ್ನೇ ಬಿಟ್ಟು ಹೊರಟಿದ್ದೇವೆ. ನೀನು ಇನ್ನೆರಡು ದಿನ ತಡ ಮಾಡಿದ್ದರೆ ನಾನೂ ಸಿಗುತ್ತಿರಲಿಲ್ಲ."

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು: ಯಾರೂ ಇಲ್ಲ.

ನೆರಳಿನ ವಿಷಯ ಯಾರನ್ನೂ ಕೇಳುವಂತಿಲ್ಲ, ಕೂತೇ ನೋಡಬೇಕು. ಬೆಳ್ಳವ್ವ ಒಂದು ಹಿಡಿ ಹುರುಳಿ ಕಾಳು ತೆಗೆದುಕೊಂಡು ಕಾಡಿನ ನಡುವಿನ ದೊಡ್ಡ ಪೊದೆಯೊಂದರ ಅಡಿಯಲ್ಲಿ ಕಾಳು ಚೆಲ್ಲಿ ಸೂರ್ಯ ಹುಟ್ಟುವಾಗ ಕೂತಳು. ಹಣ್ಣಿನ ಗೊಂಚಲು ಅವಳ ತುಟಿಗೆ ತಾಗುವಂತೆ ತೂಗುತ್ತಿದ್ದವು. ಗಾಳಿ ಬಂದಾಗಲೆಲ್ಲ ಒಂದು ಹಣ್ಣು ತುಟಿಯ ಮೇಲೆ ಉರುಳುತ್ತಿತ್ತು.

ಒಂದು ಪಿಕಳಾರ ಹಕ್ಕಿ ಬಂದು ಕೊಂಬೆಯ ಮೇಲೆ ಕೂತು, ತಲೆಯ ಜುಟ್ಟು ಎತ್ತಿ ಅವಳನ್ನು ನೋಡಿತು.

"ಏನಕ್ಕಾ, ಮೊಟ್ಟೆ ಇಟ್ಟಿದ್ದೀಯಾ? ಬೆಳಗ್ಗೆಯಿಂದ ಎದ್ದೇ ಇಲ್ಲ."

"ಹುರುಳಿ ಮೊಳೆಯುತ್ತಾ ನೋಡ್ತಿದ್ದೀನಿ."

"ಇದರಡಿಯಲ್ಲಾ? ಚೆನ್ನಾಗಿದೆ. ಕೂತಿರು ಕೂತಿರು, ನಿನಗೇ ಬೇರು ಬರುತ್ತೆ." ಹಕ್ಕಿ ಎರಡು ಹಣ್ಣು ನುಂಗಿತು. ಆಮೇಲೆ ಅದರ ಜುಟ್ಟು ಇಳಿಯಿತು. "ನಗಾಡಿದೆ ಅಂತ ತಪ್ಪು ತಿಳಿಬೇಡ ಅಕ್ಕಾ. ನನ್ನ ಹೊಟ್ಟೆ ತುಂಬುತ್ತೆ. ಆದರೆ ಮರಿಗಳಿಗೆ ಹಣ್ಣು ಸಾಲದು, ಹುಳು ಬೇಕು. ಈ ಎಲೆಯಲ್ಲಿ ಒಂದು ಹುಳು ಇಲ್ಲ. ಹೋದ ಸಲ ನಾಲ್ಕು ಮರಿ. ಈ ಸಲ ಒಂದು."

ಕಾನಮ್ಮನ ಕಾಡಿನಲ್ಲಿ ಬಿದ್ದ ಗಳಿಗೆಯಲ್ಲೇ ಮೊಳೆಯಬೇಕಿದ್ದ ಹುರುಳಿ, ಮಧ್ಯಾಹ್ನಕ್ಕೂ ಹಾಗೇ ಇತ್ತು, ಸಂಜೆಗೂ ಹಾಗೇ ಇತ್ತು. ಕಾಳನ್ನು ಆರಿಸಿ ಪಕ್ಕದ ನೇರಳೆ ಮರದಡಿ ಹಾಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೆಲೆ ಬಂತು.

ಎರಡನೆಯ ಪ್ರಶ್ನೆಗೂ ಉತ್ತರ ಅದೇ: ಯಾರೂ ಇಲ್ಲ.

ಮೂರನೆಯದು ಬೇರು. ಬೆಳ್ಳವ್ವ ತನ್ನ ಅಂಗಳದ ಗಿಡದ ಬುಡವನ್ನೇ ಕೈಯಿಂದ ಕೆದಕಿದಳು. ತಾಯಿಯ ಕಾಡಿನಲ್ಲಿ ಕಾರೆಯ ಬೇರು ನೆಲ್ಲಿಯ ಬೇರನ್ನು ಹಿಡಿದಿರುತ್ತದೆ, ನೆಲ್ಲಿಯದು ನೇರಳೆಯದನ್ನು. ಮಣ್ಣಿನಡಿ ಅವು ಕೈಕೈ ಹಿಡಿದ ಒಕ್ಕಲು. ಈ ಗಿಡದ ಬೇರು ಪಕ್ಕದ ತುಳಸಿಯನ್ನೂ ಮುಟ್ಟಿರಲಿಲ್ಲ. ಹಗ್ಗದಂತೆ ನೆಟ್ಟಗೆ ಪಡುವಣಕ್ಕೆ ಹೋಗಿತ್ತು. ಅವಳು ಮಣ್ಣು ಕೆದಕುತ್ತ ಕೆದಕುತ್ತ ಅದರ ಜಾಡು ಹಿಡಿದಳು. ಊರಿನ ಎಲ್ಲ ಮನೆಯ ಬೇರೂ ದಾರಿಯಲ್ಲಿ ಬಂದು ಕೂಡಿದವು. ಐದು ಹಗಲು ನಡೆದಳು. ಉಗುರು ಒಡೆದು ರಕ್ತ ಬಂತು. ಬೇರು ಮಂಜಿನ ಕಣಿವೆಗೆ ಹೋಯಿತು. ಅಲ್ಲಿ ಆಕಾಶವೇ ಕಾಣದಂತೆ ಆ ಗಿಡ ಬೆಳೆದಿತ್ತು. ಕಣಿವೆಯ ಬಾಯಲ್ಲಿ ಒಂದು ಬಂಡೆಯ ಮೇಲೆ ಒಬ್ಬ ಮನುಷ್ಯ ಕೂತಿದ್ದ. ಅಷ್ಟೂ ಬೇರು ಅವನ ಅಂಗೈಗಳಿಂದ ಹೊರಟಿದ್ದವು.

ಅವನು ಧೂಮಕೇಶನೆಂಬ ಮಾಟಗಾರ. ಮುನ್ನೂರು ವರ್ಷದವನು, ಆದರೆ ಮುಖ ಇಪ್ಪತ್ತರ ಹುಡುಗನದು. ಯಾರಾದರೂ ತಮ್ಮವರಿಗಾಗಿ ಹಂಬಲಿಸಿ ನಿಟ್ಟುಸಿರು ಬಿಟ್ಟರೆ ಆ ಉಸಿರು ಗಿಡದ ಬೇರಿನಲ್ಲಿ ಹರಿದು ಬಂದು ಅವನ ಆಯಸ್ಸಿಗೆ ಒಂದು ದಿನ ಸೇರುತ್ತಿತ್ತು. ಒಂದು ಇಡೀ ನಾಡು ನಿಟ್ಟುಸಿರು ಬಿಡುತ್ತಿದ್ದಾಗ ಅವನಿಗೇನು ಕಡಿಮೆ.

"ಬಾ ಬೆಳ್ಳವ್ವ" ಎಂದ ಅವನು. "ನಿನ್ನ ಉಸಿರಿನ ಗುರುತು ನನಗಿದೆ. ಬಹಳ ಬಿಸಿ."

ಪೊದೆಯ ಒಳಗಿನಿಂದ ಬೆಳ್ಳವ್ವನಿಗೆ ದನಿಗಳು ಕೇಳಿದವು, ಹತ್ತಾರು ದನಿ: ಬಂದೆ, ಬಂದೆ, ಇಗೋ ಬಂದೆ. ಅವುಗಳಲ್ಲಿ ಒಂದು ಹಾಲಯ್ಯನದು. ಈ ಸಲ ಅವಳು ಹಣ್ಣು ತಿಂದಿರಲಿಲ್ಲ, ಆದರೂ ಕೇಳಿತು.

"ಅವರು ಒಳಗಿದ್ದಾರಾ?"

"ಅವರು ಎಂದೋ ಹೋದರು. ದನಿಯನ್ನಷ್ಟೇ ನಾನು ಹಣ್ಣಿನಲ್ಲಿ ಇಟ್ಟುಕೊಂಡಿದ್ದೀನಿ. ನಿಮಗೆ ಉಪಕಾರವನ್ನೇ ಮಾಡಿದ್ದೀನಿ ನೋಡು."

"ಸುಳ್ಳು."

"ಸುಳ್ಳೋ ನಿಜವೋ, ಗಿಡ ಕಿತ್ತು ನೋಡು. ಗುಡಿ ಹೊಸ್ತಿಲಲ್ಲಿ ಬುಟ್ಟಿ ಇಟ್ಟೆ ಅಷ್ಟೇ, ನಾನು ಒಂದು ಬೀಜವನ್ನೂ ನೆಟ್ಟಿಲ್ಲ. ನಿಮ್ಮವರೇ ತೊಳೆದು, ನೀರೆರೆದು, ಕೈಮುಗಿದು ನೆಟ್ಟರು. ನೆಟ್ಟ ಕೈ ಕಿತ್ತರೆ ಮಾತ್ರ ಅದು ಬರೋದು. ಬೇರೆಯವರು ಕಡಿದರೆ ಒಂದಕ್ಕೆ ಹತ್ತು. ಅಂಗಳದ ಗಿಡ ಅಷ್ಟೂ ಹೋದರೆ ಕಾಡಿನದು ತಾನೇ ಒಣಗುತ್ತೆ. ನಾನೂ ಒಣಗ್ತೀನಿ." ಅವನು ನಕ್ಕ. "ಯಾಕೆ ಹೇಳ್ತಿದ್ದೀನಿ ಗೊತ್ತಾ? ಕಿತ್ತ ಗಳಿಗೆಗೆ ದನಿ ನಿಂತುಹೋಗುತ್ತೆ. ಮತ್ತೆಂದೂ ಕೇಳಲ್ಲ. ನಿಮ್ಮಲ್ಲಿ ಒಬ್ಬರೂ ಕೀಳಲ್ಲ. ಮೊದಲು ನೀನೇ ಕೀಳಲ್ಲ."

ಬೆಳ್ಳವ್ವ ಪೊದೆಯೊಳಗೆ ನುಗ್ಗಲು ನೋಡಿದಳು. ಮುಳ್ಳು ಹಿಂದಕ್ಕೆ ತಳ್ಳಿತು. ಮೂರು ಸಲ ನುಗ್ಗಿದಳು, ಮೂರು ಸಲವೂ ತಳ್ಳಿತು. ಅವಳು ಮೈಯೆಲ್ಲ ಗೀರಿಕೊಂಡು ತಿರುಗಿ ಊರಿನ ದಾರಿ ಹಿಡಿದಳು. ಹಿಂದಿನಿಂದ ಹಾಲಯ್ಯನ ದನಿ ಬಹಳ ದೂರ ಕೇಳುತ್ತಲೇ ಇತ್ತು. ಹೆಜ್ಜೆ ಹೆಜ್ಜೆಗೂ ಅವಳು ನಿಂತಳು, ಹೆಜ್ಜೆ ಹೆಜ್ಜೆಗೂ ಮತ್ತೆ ನಡೆದಳು.

ಊರಿಗೆ ಬಂದವಳು ಮೊದಲು ಗುಡಿಗೆ ಹೋದಳು. ಪೂಜಾರಿ ಕಲ್ಲೇಶಯ್ಯ ಗಂಟೆ ಒರೆಸುತ್ತಿದ್ದ. ಅವಳು ನಡೆದದ್ದೆಲ್ಲ ಹೇಳಿದಳು.

"ಪ್ರಸಾದವನ್ನ ಕೀಳೋದಾ?" ಎಂದ ಅವನು. "ನಿನಗೆ ಬಿಸಿಲು ಹತ್ತಿರಬೇಕು ಬೆಳ್ಳವ್ವ, ಮಜ್ಜಿಗೆ ಕುಡಿ ಹೋಗು."

"ಪೂಜಾರಪ್ಪಾ, ಒಂದು ಕೇಳ್ತೀನಿ, ಸಿಟ್ಟಾಗಬೇಡ. ಹೊಸ ನೈವೇದ್ಯ ಇಟ್ಟರೆ ತಾಯಿಯ ಹತ್ರ ಹೂವಿನ ಅಪ್ಪಣೆ ಕೇಳ್ತೀವಲ್ಲ, ಬಲಗಡೆ ಹೂ ಬಿದ್ದರೆ ಒಪ್ಪಿದಳು ಅಂತ. ಅವತ್ತು ಕೇಳಿದ್ದೆಯಾ?"

ಕಲ್ಲೇಶಯ್ಯ ಗಂಟೆಯನ್ನು ಕೆಳಗಿಟ್ಟ. "ಜನ ಬಹಳ ಇದ್ರು" ಎಂದ. ಒರೆಸುವ ಬಟ್ಟೆ ಮಡಿಸುತ್ತ, "ನಾನೂ ಒಂದು ಹಣ್ಣು ಬಾಯಿಗೆ ಹಾಕ್ಕೊಂಡಿದ್ದೆ. ನಮ್ಮಣ್ಣ ಕರೆದ ಹಾಗಾಯ್ತು. ಉಪ್ಪಿಗೆ ಹೊರಡೋ ದಿನ ಅವನ ಕೂಡ ಜಗಳ ಆಡಿ ಮುಖ ಕೊಟ್ಟು ಮಾತಾಡಿರಲಿಲ್ಲ. ಆಮೇಲೆ ಹೂವು ಕೇಳೋ ನೆನಪು ಎಲ್ಲಿ ಬರಬೇಕು" ಎಂದ.

ಈಗ ಕೇಳೋಣವೆಂದು ಇಬ್ಬರೂ ತಾಯಿಯ ಮುಂದೆ ಕೂತರು. ಮುಡಿಗೆ ಹೂವು ಏರಿಸಿ ಕಾದರು. ಬಲಗಡೆ ಬೀಳಲಿಲ್ಲ. ಎಡಗಡೆಯೂ ಬೀಳಲಿಲ್ಲ. ಹೊತ್ತು ಏರಿತು, ಇಳಿಯಿತು. ತಾಯಿ ಸುಮ್ಮನಿದ್ದಳು.

ತಾಯಿ ಸುಮ್ಮನಿರುವಾಗಲೂ ನಮ್ಮ ಮಾತು ಕೇಳಿಸಿಕೊಳ್ಳುತ್ತಿರುತ್ತಾಳೆ. ಉತ್ತರವನ್ನು ಅವಳು ಆಗಲೇ ಎಲೆಯಲ್ಲಿ, ನೆರಳಲ್ಲಿ, ಬೇರಿನಲ್ಲಿ ಬರೆದಿಟ್ಟಿದ್ದಳು. ಎರಡನೆಯ ಸಲ ಯಾಕೆ ಹೇಳಬೇಕು? ಬೆಳ್ಳವ್ವನಿಗೆ ಅದು ಹೊಳೆಯಿತು. ಅವಳು ಎದ್ದು ಅಡ್ಡಬಿದ್ದು ಮನೆಗೆ ಹೋದಳು.

ಅಂಗಳದಲ್ಲಿ ಗಿಡ ಹಣ್ಣು ಹೊತ್ತು ನಿಂತಿತ್ತು. ಬೆಳ್ಳವ್ವ ಅದರ ಮುಂದೆ ಬಹಳ ಹೊತ್ತು ಕೂತಳು. ಕೊನೆಗೆ, ಹಾಲಯ್ಯನಿಗೇ ಹೇಳುವಂತೆ, "ನೀವು ಇದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಅಮ್ಮ ಕಾಯಲಿ. ಇಲ್ಲದಿದ್ದರೆ ನಿಮ್ಮ ದನಿಯನ್ನ ಆ ಮಾಟಗಾರನ ಹೊಟ್ಟೆಪಾಡಿಗೆ ಬಿಡಲ್ಲ" ಎಂದಳು. ಬುಡವನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಕೊಡಲಿಗೆ ಬಗ್ಗದ ಗಿಡ, ಮೂಲಂಗಿ ಬಂದಂತೆ ಬಂತು.

ಬೇರು ಕಿತ್ತಾಗ ಎಲ್ಲಿಂದಲೋ ಅರ್ಧ ಮಾತು ಕೇಳಿ ತುಂಡಾಯಿತು. ಆಮೇಲೆ ಏನೂ ಇಲ್ಲ.

ಪಕ್ಕದ ಮನೆಯವರು ಕಂಡು ಕೂಗಿಕೊಂಡರು. ಅಂಗಳ ತುಂಬ ಜನ ಸೇರಿದರು. ನಾಗಜ್ಜಿ ಕೋಲೂರಿಕೊಂಡು ಬಂದು, ಬೆಳ್ಳವ್ವನ ಬಾಯಿಂದ ಮೂರು ಉತ್ತರ ಕೇಳಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಎಲೆ ತಿನ್ನೋರಿಲ್ಲ, ನೆರಳಲ್ಲಿ ಬೆಳೆಯೋರಿಲ್ಲ, ಬೇರು ಹಿಡಿದಿರೋದು ಮಾಟಗಾರನ ಕೈ. ಇದು ಅಮ್ಮನ ಗಿಡ ಅಲ್ಲ. ಹೊರಗಿನಿಂದ ಬಂದು ನಮ್ಮ ಕಾಡನ್ನ ತಿನ್ನೋ ಗಿಡ."

ಯಾರೂ ಅಲ್ಲಾಡಲಿಲ್ಲ. ಆಗ ಕಲ್ಲೇಶಯ್ಯ ಶಲ್ಯ ಸೊಂಟಕ್ಕೆ ಕಟ್ಟಿಕೊಂಡು, "ಹಂಚಿದವನು ನಾನು, ಮೊದಲು ನನ್ನ ಮನೆಯದು" ಎಂದು ಹೋಗಿ ತನ್ನ ಗಿಡ ಕಿತ್ತ. ಕಿತ್ತು ಅಲ್ಲೇ ಕೂತು ಮಗುವಿನ ಹಾಗೆ ಅತ್ತ. ಅವನ ಹಿಂದೆ ಒಬ್ಬರು, ಅವರ ಹಿಂದೆ ಒಬ್ಬರು. ಒಂದೊಂದು ಅಂಗಳದಲ್ಲೂ ಒಂದೊಂದು ದನಿ ನಿಂತಿತು. ಸಾವು ಆದ ಮನೆಯಲ್ಲೂ ಅಷ್ಟು ಮೌನ ಇರುವುದಿಲ್ಲ.

ಸುದ್ದಿ ಕೇಳಿ ದೊರೆ ಬಲ್ಲವರಸ ಕಾವಲುಗಾರರ ಕೂಡ ತಾನೇ ಬಂದ. ಅವನ ಮಡಿಲಲ್ಲಿ ಹಣ್ಣಿನ ಚೀಲ ಇತ್ತು. ದಿನಕ್ಕೆ ನೂರು ತಿನ್ನುತ್ತಿದ್ದನಂತೆ.

"ಯಾರು ಮೊದಲು ಕಿತ್ತವರು?"

"ನಾನು ಬುದ್ಧಿ" ಎಂದಳು ಬೆಳ್ಳವ್ವ.

"ಗಡಿಪಾರು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಹೋಗ್ತೀನಿ. ಹೋಗೋ ಮೊದಲು ತಮ್ಮ ಅಂಗಳದ ಗಿಡವನ್ನೂ ಕೀಳಿಸಬೇಕು. ಅದೊಂದೇ ಉಳಿದಿರೋದು. ತಾವೇ ನೆಟ್ಟದ್ದು, ತಾವೇ ಕೀಳಬೇಕು."

ದೊರೆಯ ಮುಖ ಬಾಡಿತು. "ನೀನು ಹೆಂಡತಿಯಾಗಿ ಒಬ್ಬನನ್ನು ಮರೆಯಬಹುದು. ನನ್ನ ಮಗಳು ತವರಿಗೆ ಹೊರಟವಳು. ದಿನಾ 'ಇಗೋ ಬಂದೆ ಅಪ್ಪಾಜಿ' ಅಂತಾಳೆ. ಅವಳನ್ನ ಎರಡನೇ ಸಲ ಕೊಲ್ಲು ಅಂತೀಯಾ?"

ಮರೆಯಬಹುದು ಎಂದು ಅವನು ಅಂದದ್ದು ಬೆಳ್ಳವ್ವನಿಗೆ ಮುಳ್ಳಿಗಿಂತ ಹೆಚ್ಚು ಚುಚ್ಚಿತು.

ಆಗ ನಾಗಜ್ಜಿ ಕೋಲನ್ನು ನೆಲಕ್ಕಿಟ್ಟು ದೊರೆಯ ಕಾಲ ಬಳಿ ಕೂತಳು.

"ಬುದ್ಧೀ, ಒಂದು ಸುಳ್ಳು ಹೇಳಿದ್ದೆ, ಈಗ ಒಪ್ಪಿಸ್ತೀನಿ. ಈ ಹಣ್ಣು ತಿಂದಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದೆ. ಮೂರು ಪ್ರಶ್ನೆ ಕೇಳದೆ ಯಾವುದನ್ನೂ ಬಾಯಿಗೆ ಹಾಕಬೇಡಿ ಅಂತ ಕಲಿಸೋಳು ನಾನು. ಆದರೂ ತಿಂದೆ, ಕದ್ದು ತಿಂದೆ. ನನ್ನ ಮಗಳು ಜ್ವರ ಬಂದು ನನ್ನ ತೊಡೆ ಮೇಲೇ ತೀರಿಕೊಂಡಳು, ತಮಗೆ ಗೊತ್ತು. ಅವಳ ದನಿ ಒಂದು ಸಲ ಕೇಳಿದರೆ ಸಾಕು ಅಂತ ತಿಂದೆ. ಒಂದು ತಿಂದೆ, ಹತ್ತು ತಿಂದೆ, ಒಂದು ಗೊಂಚಲು ತಿಂದೆ."

"ಏನಂದಳು?" ಎಂದ ದೊರೆ.

"ಏನೂ ಇಲ್ಲ. ಒಂದು ಉಸಿರಿನ ಸದ್ದೂ ಇಲ್ಲ. ಊರಿಗೆಲ್ಲ ಅವರವರ ಮಕ್ಕಳು ಮಾತಾಡ್ತಾರೆ, ನನ್ನ ಮಗಳಿಗೆ ನಾನು ಬೇಡವಾದೆನಾ ಅಂತ ಎರಡು ವರ್ಷ ಕೊರಗಿದೆ. ನಾಚಿಕೆಗೆ ಯಾರ ಹತ್ರಾನೂ ಹೇಳಲಿಲ್ಲ. ಈಗ ತಿಳೀತಿದೆ ಬುದ್ಧಿ. ಸತ್ತವರನ್ನ ಮಾತಾಡಿಸೋ ಶಕ್ತಿ ಆ ಮಾಟಗಾರನಿಗಿಲ್ಲ. ಅವರು ಅಮ್ಮನ ಮಡಿಲಲ್ಲಿದ್ದಾರೆ, ಅಲ್ಲಿಗೆ ಅವನ ಬೇರು ಹೋಗಲ್ಲ. ತಮ್ಮ ಮಗಳು ಮಾತಾಡ್ತಾಳೆ ಅಂದರೆ..."

ಅಜ್ಜಿ ಮಾತು ಮುಗಿಸಲಿಲ್ಲ. ಮುಗಿಸಬೇಕಾಗಿಯೂ ಇರಲಿಲ್ಲ. ದೊರೆ ಅವಳನ್ನು ಎತ್ತಿ ನಿಲ್ಲಿಸಿದ. ಬರಿಗಾಲಲ್ಲೇ ಅರಮನೆಗೆ ನಡೆದ. ಊರೆಲ್ಲ ಅವನ ಹಿಂದೆ ನಡೆಯಿತು. ಅಂಗಳದ ಗಿಡದ ಮುಂದೆ ಅವನು ಮಡಿಲ ಚೀಲ ಬಿಚ್ಚಿ, ಒಂದು ಹಣ್ಣು ಕೈಗೆತ್ತಿಕೊಂಡ. ಅವನು ಅದನ್ನು ಬೆರಳುಗಳ ನಡುವೆ ಎರಡು ಸಲ ಉರುಳಿಸಿ, ನೆಲಕ್ಕೆ ಬಿಟ್ಟು, ಗಿಡದ ಬುಡಕ್ಕೆ ಕೈ ಹಾಕಿದ. ಕೊನೆಯ ಬೇರು ಬಂತು.

ಮಂಜಿನ ಕಣಿವೆಯಲ್ಲಿ ಧೂಮಕೇಶ ತನ್ನ ಅಂಗೈ ನೋಡಿಕೊಂಡ. ಬೇರುಗಳು ಒಂದೊಂದಾಗಿ ಉದುರುತ್ತಿದ್ದವು. ಮುನ್ನೂರು ವರ್ಷ ಒಮ್ಮೆಗೇ ಅವನ ಮೇಲೆ ಬಿತ್ತು. ಗಾಳಿ ಬೀಸಿದಾಗ ಬಂಡೆಯ ಮೇಲೆ ಒಂದು ಹಿಡಿ ಬೂದಿಯೂ ಉಳಿಯಲಿಲ್ಲ. ಕಣಿವೆಯ, ಕಾಡಿನ ಪೊದೆಗಳೆಲ್ಲ ಆ ಹಗಲಿನಲ್ಲೇ ಒಣಗಿ ಸೌದೆಯಾದವು.

ಊರಿನವರಿಗೆ ಇದೊಂದೂ ತಿಳಿಯಲಿಲ್ಲ. ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ದೊರೆ ಗಡಿಯ ಕಲ್ಲಿನ ಮೇಲೆ ಕೂತಿದ್ದ, ಊಟಕ್ಕೂ ಏಳಲಿಲ್ಲ. ಬೆಳ್ಳವ್ವ ಗಿಡ ಕಿತ್ತ ಗುಂಡಿಗೆ ಮಣ್ಣು ತುಂಬಿದಳು. ಹಂಬಲ ಮಾತ್ರ ಹೋಗಲಿಲ್ಲ. ಅದಕ್ಕೆ ಗಿಡದ ಹಂಗು ಬೇಕಿರಲಿಲ್ಲ.

ಆರನೆಯ ಮಧ್ಯಾಹ್ನ ಪಡುವಣದ ದಾರಿಯಲ್ಲಿ ಧೂಳು ಎದ್ದಿತು. ಎತ್ತುಗಳು ಬಂದವು, ಬೆನ್ನ ಮೇಲೆ ಉಪ್ಪಿನ ಚೀಲ ಹಾಗೇ ಇದ್ದವು. ಮುಂದೆ ಹೊನ್ನಲದೇವಿ ಒಂದು ಎತ್ತಿನ ಹಗ್ಗ ಹಿಡಿದು ನಡೆದು ಬರುತ್ತಿದ್ದಳು. ದೊರೆ ಎದ್ದು ನಿಂತನೇ ಹೊರತು ಹೆಜ್ಜೆ ಇಡಲು ಆಗಲಿಲ್ಲ. "ಅಪ್ಪಾಜಿ, ಹಬ್ಬ ಮುಗಿದುಹೋಯ್ತಾ?" ಎಂದಳು ಮಗಳು. "ಇಲ್ಲ ಮಗಳೇ, ನಿನಗೋಸ್ಕರ ನಿಲ್ಲಿಸಿದ್ದೀವಿ" ಎಂದ ದೊರೆ. ಕಲ್ಲೇಶಯ್ಯನ ಅಣ್ಣ ಬಂದವನೇ ಜಗಳವನ್ನು ನಿಲ್ಲಿಸಿದ್ದ ಕಡೆಯಿಂದಲೇ ಶುರುಮಾಡಿದ. ಕಲ್ಲೇಶಯ್ಯ, "ಬೈಯಣ್ಣ, ಇನ್ನಷ್ಟು ಬೈಯಿ" ಎಂದು ನಗುತ್ತಿದ್ದ.

ಹಾಲಯ್ಯ ಎಲ್ಲರಿಗಿಂತ ಹಿಂದೆ ಬಂದ. ಜಗಲಿಯ ಮೇಲೆ ಕೂತ. ಬೆಳ್ಳವ್ವ ತಂದ ನೀರನ್ನು ಕುಡಿದು ಮುಗಿಸಿದ.

"ಎಷ್ಟು ಸಲ ಕರೆದೆ ನೀನು" ಎಂದ ಅವನು ಆಮೇಲೆ. "ಪೊದೆಯೊಳಗೆ ನಿನ್ನ ದನಿ ಕೇಳೋದು. ಕೇಳಿದಾಗಲೆಲ್ಲ 'ಇಗೋ ಬಂದೆ' ಅಂತ ಓಡ್ತಿದ್ದೆ. ಓಡಿದ ಕಡೆಯೆಲ್ಲ ಗಿಡ ಅಡ್ಡ ಬರೋದು. ನಾವೆಲ್ಲ ಹಾಗೇ, ಸುತ್ತಿದ ಕಡೆಯೇ ಸುತ್ತಿ ಓಡಿದ್ವಿ. ಮೊನ್ನೆ ನೀನು ಕರೆಯೋದು ನಿಲ್ಲಿಸಿದೆ. ನನ್ನನ್ನ ಬಿಟ್ಟುಬಿಟ್ಟಳು ಅಂದ್ಕೊಂಡು ನಿಂತೆ. ನಿಂತ ಮೇಲೆ ದಾರಿ ಕಾಣ್ತು."

ತಾನು ತಿಂದ ಒಂದೊಂದು ಹಣ್ಣೂ ಅವನನ್ನು ಹೇಗೆ ಓಡಿಸಿತ್ತು ಎಂದು ಬೆಳ್ಳವ್ವನಿಗೆ ಆಗ ತಿಳಿಯಿತು. ಅವಳು ಅವನ ಕಾಲನ್ನು ನೋಡಿದಳು. ಬಿಸಿನೀರು ತಂದು ತೊಳೆದಳು, ಮುಳ್ಳು ಒಂದೊಂದಾಗಿ ತೆಗೆದಳು, ಚಾಪೆ ಹಾಸಿದಳು. ಹಾಲಯ್ಯ ಮಲಗಿದ.

ಅವನು ಏಳು ದಿನ ಮಲಗಿದ. ಬೆಳ್ಳವ್ವ ಪಕ್ಕದಲ್ಲಿ ಕೂತಿದ್ದಳು. ಮೂರು ವರ್ಷದ ಮಾತು ಗಂಟಲಲ್ಲಿತ್ತು. ಅನ್ನ ಬೆಂದು ಆರಿತು, ಮತ್ತೆ ಬೆಂದಿತು. ನೆಂಟರು ನೋಡಲು ಬಂದರೆ ತುಟಿಯ ಮೇಲೆ ಬೆರಳಿಟ್ಟು ಕಳಿಸಿದಳು. ಏಳೂ ದಿನ, ಊಟಕ್ಕೂ, ಅವಳು ಅವನನ್ನು ಕರೆಯಲಿಲ್ಲ. ಅವನು ತಾನಾಗಿ ಕಣ್ಣು ಬಿಡುವವರೆಗೆ ಕಾದಳು.

ಕಡವೆಗಳು ಕಾಡಿಗೆ ಮರಳಿದವು, ಕಾರೆ ಮತ್ತೆ ಹೂ ಬಿಟ್ಟಿತು, ಕವಳಿನಾಡಿನವರು ತಾಯಿ ಕಾನಮ್ಮನ ನೆರಳಲ್ಲಿ ಸುಖವಾಗಿ ಬಾಳಿದರು. ಈ ಕತೆ ಕೇಳಿದವರ ಮನೆಗೂ ಹೋದವರೆಲ್ಲ ಕ್ಷೇಮವಾಗಿ ಮರಳಿ ಬರಲಿ.